ಘಾತ ಚತುರ್ದಶಿಯ ಊಟ

ಕೋಥ್ರೂಡದ ರಾಘಣ್ಣ ಹುಕ್ಕೇರಿಯ ಮನೆಯ ಘಾತ ಚತುರ್ದಶಿಯ ಊಟ ಪುಣೆಯ ಕನ್ನಡ ಮಂದಿಯಲ್ಲಿ ಹೆಸರಾದದ್ದು. ಪಕ್ಷಮಾಸದಲ್ಲಿ ಎಲ್ಲರ ಮನೆಯಲ್ಲೂ ಹಿರಿಯರಿಗೆ ಎಡೆ ಇಡುತ್ತಾರೆ, ಅದರಲ್ಲಿ ಹೆಚ್ಚುಗಾರಿಕೆಯೇನಿಲ್ಲ. ಆದರೆ ಚತುರ್ದಶಿ ಆಯುಧದಿಂದ ಸತ್ತವರಿಗೆ ಮೀಸಲಾದ ದಿನ, ಅಂಥವರು ಎಲ್ಲರ ಮನೆಯಲ್ಲೂ ಇರುವುದಿಲ್ಲ. ರಾಘಣ್ಣನ ಮನೆಯಲ್ಲಿದ್ದರು. ಅವನ ದೊಡ್ಡಪ್ಪ ದಿಗಂಬರ, ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಕಾಡಿನಲ್ಲಿ ಎದೆಗೆ ಗುಂಡು ತಿಂದು ಸತ್ತವರು. ವಡೆ ಬಡಿಸುವ ಹೊತ್ತಿಗೆ ರಾಘಣ್ಣ ಈ ಕಥೆ ಶುರು ಮಾಡುತ್ತಿದ್ದ. ಮೊಮ್ಮಗಳು ಅನುಜಾ ಸಣ್ಣವಳಿದ್ದಾಗ ಕಥೆಯಲ್ಲಿ ಒಂದೇ ಗುಂಡಿತ್ತು. ಅವಳು ಓದು ಮುಗಿಸಿ ವಿಮಾನ ನಗರದ ಆಫೀಸಿಗೆ ಹೋಗತೊಡಗುವಷ್ಟರಲ್ಲಿ ಗುಂಡು ಮೂರಾಗಿದ್ದವು.

ಕೇಳಿದವರು ವಡೆ ಅಗಿಯುತ್ತ ತಲೆದೂಗುತ್ತಿದ್ದರು. ಹುತಾತ್ಮರ ಮನೆತನ ಎನ್ನುತ್ತಿದ್ದರು. ಆ ವಡೆ ಮಾಡಿದವಳು ಮಾತ್ರ ಅಡಿಗೆಮನೆಯ ಹೊಸ್ತಿಲ ಒಳಗೆ ಕೂತಿರುತ್ತಿದ್ದಳು. ಅವಳು ಯಂಕವ್ವ, ದಿಗಂಬರರ ಒಬ್ಬಳೇ ಮಗಳು, ರಾಘಣ್ಣನಿಗೆ ಅಕ್ಕನಾಗಬೇಕು. ಅಪ್ಪ ಸೈನ್ಯಕ್ಕೆ ಹೋದಾಗ ತಾಯಿಯ ಹೊಟ್ಟೆಯಲ್ಲಿದ್ದವಳು, ಈಗ ಎಂಬತ್ತು ದಾಟಿದ್ದಾಳೆ. ಲಗ್ನವಾಗಲಿಲ್ಲ. ಬಂದ ಸಂಬಂಧಗಳೆಲ್ಲ ಯಾಕೋ ಅರ್ಧ ದಾರಿಯಲ್ಲಿ ತಿರುಗಿ ಹೋದವು, ಅದಕ್ಕೆ ಅವಳು ತನ್ನ ಹಣೆಬರಹವನ್ನೇ ಬೈದುಕೊಂಡಳು. ಇಬ್ಬರಿಗೂ ಅಜ್ಜನಾಗಿದ್ದ ಊರ ಮನೆಯ ಯಜಮಾನ ತೀರಿದ ಮೇಲೆ ರಾಘಣ್ಣ ಊರಿನ ಮನೆ ಮುಚ್ಚಿ ಅವಳನ್ನೂ ಅವಳ ತಾಯಿ ರಂಗೂಬಾಯಿಯನ್ನೂ ಪುಣೆಗೆ ಕರೆತಂದ. ದೊಡ್ಡ ಮನಸ್ಸು ಎಂದು ಊರೆಲ್ಲ ಹೊಗಳಿತು. ಸಂಬಳವಿಲ್ಲದೆ ಇಬ್ಬರು ಅಡಿಗೆಯವರು ಸಿಕ್ಕರು ಎಂದು ಯಾರೂ ಅನ್ನಲಿಲ್ಲ.

ಈ ವರ್ಷ ಬೇಸಿಗೆಯಲ್ಲಿ ಯಂಕವ್ವ ಟಿವಿಯಲ್ಲಿ ಒಬ್ಬ ಮುದುಕಿಯನ್ನು ನೋಡಿದಳು. ಆ ಮುದುಕಿ ಎಲ್ಲೋ ದೂರದ ಯುದ್ಧ ಸ್ಮಾರಕದಲ್ಲಿ ತನ್ನ ತಂದೆಯ ಹೆಸರು ಕೊರೆದ ಕಲ್ಲನ್ನು ತಡವುತ್ತಿದ್ದಳು. ಅಂದು ಸಂಜೆ ಯಂಕವ್ವ ಅನುಜಾಳನ್ನು ಹತ್ತಿರ ಕೂಡಿಸಿಕೊಂಡು ತನ್ನ ಅಪ್ಪನ ಕಲ್ಲು ಎಲ್ಲಿದೆಯೋ ಹುಡುಕಿ ಕೊಡು ಎಂದಳು. ಸಾಯುವ ಮುಂಚೆ ಒಂದು ಸಲ ಅದಕ್ಕೆ ಕೈ ಹಚ್ಚಬೇಕು. ಅಪ್ಪನ ಮುಖವನ್ನಂತೂ ನೋಡಲಿಲ್ಲ, ಹೆಸರನ್ನಾದರೂ ಮುಟ್ಟಿ ಹೋಗುತ್ತೇನೆ. ಆ ಮನೆಯಲ್ಲಿ ಅವಳು ತನಗಾಗಿ ಕೇಳಿದ ಮೊದಲನೆಯದು ಅದು, ಅನುಜಾಗೆ ಒಲ್ಲೆ ಎನ್ನಲು ಬಾಯಿ ಬರಲಿಲ್ಲ.

ರಾಘಣ್ಣನಿಗೆ ಇದು ಹಿಡಿಸಲಿಲ್ಲ. ಎಂಬತ್ತು ವರ್ಷದ ಹಿಂದಿನ ಕಾಗದ ಈಗ ಎಲ್ಲಿ ಸಿಗುತ್ತದೆ, ಗೆದ್ದಲು ತಿಂದಿರುತ್ತದೆ, ಸತ್ತವರನ್ನು ಯಾಕೆ ಕೆದಕಬೇಕು ಎಂದ. ಅನುಜಾ ಅದನ್ನು ವಯಸ್ಸಾದವರ ಗೊಣಗಾಟ ಎಂದುಕೊಂಡಳು. ಅವಳ ಅಪ್ಪ ಮಧ್ವೇಶ ಬ್ಯಾಂಕಿನಲ್ಲಿದ್ದ ಮನುಷ್ಯ, ಹೌದು ಎನ್ನುವುದೂ ಇಲ್ಲ, ಅಲ್ಲ ಎನ್ನುವುದೂ ಇಲ್ಲ.

ಮೊದಲು ಅವಳು ಯಂಕವ್ವನನ್ನು ಖಡಕಿಯ ಯುದ್ಧ ಸ್ಮಶಾನಕ್ಕೆ ಕರೆದೊಯ್ದಳು. ಹುಲ್ಲು ಕತ್ತರಿಸಿದ ಅಂಗಳದಲ್ಲಿ ಸಾಲು ಸಾಲು ಕಲ್ಲುಗಳಿದ್ದವು. ಮುದುಕಿ ಓದಲು ಬಾರದ ಇಂಗ್ಲಿಷ್ ಅಕ್ಷರಗಳ ಮುಂದೆಲ್ಲ ಕೈಮುಗಿಯುತ್ತ ನಡೆದಳು, ಯಾರದೇ ಅಪ್ಪನಾಗಿರಲಿ ಎಂದಳು. ದಿಗಂಬರರ ಹೆಸರು ಅಲ್ಲಿರಲಿಲ್ಲ. ಯುದ್ಧದಲ್ಲಿ ಮಡಿದವರ ಯಾದಿ ಈಗ ಕಂಪ್ಯೂಟರಿನಲ್ಲೇ ಸಿಗುತ್ತದೆ. ಅನುಜಾ ಹೆಸರನ್ನು ಎಷ್ಟು ಬಗೆಯಲ್ಲಿ ಬರೆಯಬಹುದೋ ಅಷ್ಟೂ ಬಗೆಯಲ್ಲಿ ಬರೆದು ಹುಡುಕಿದಳು. ಬರ್ಮಾದಲ್ಲಿ ಸತ್ತವರಲ್ಲಿ ಇಲ್ಲ, ಇಟಲಿಯಲ್ಲಿ ಇಲ್ಲ, ಕಾಣೆಯಾದವರಲ್ಲೂ ಇಲ್ಲ. ಹೀಗೆ ಹಳೆಯ ಸೈನಿಕರನ್ನು ಹುಡುಕುವವರದೇ ಒಂದು ಗುಂಪು ಫೋನಿನಲ್ಲಿತ್ತು. ಅಲ್ಲಿ ನಿವೃತ್ತ ಸುಬೇದಾರರೊಬ್ಬರು ಅವಳಿಗೆ ಒಂದು ಮಾತು ಹೇಳಿದರು. ಸತ್ತವರಲ್ಲಿ ಸಿಗದಿದ್ದರೆ ಬದುಕಿದವರಲ್ಲಿ ಹುಡುಕಬೇಕು, ನಂಬರ್ ಇದ್ದರೆ ಅವರ ದಳದ ದಾಖಲೆ ಕಚೇರಿಗೆ ಬರೆಯಬೇಕು.

ಬದುಕಿದವರಲ್ಲಿ ಎಂಬ ಮಾತು ಅನುಜಾಗೆ ಹಾಸ್ಯವೆನಿಸಿತು. ಆದರೂ ನಂಬರ್ ಸಿಕ್ಕಿತು. ರಂಗೂಬಾಯಿ ತನ್ನ ಜೀವಮಾನವೆಲ್ಲ ಕಾಪಾಡಿದ ಒಂದೇ ಒಂದು ಕಾರ್ಡು ಯಂಕವ್ವನ ಟ್ರಂಕಿನಲ್ಲಿತ್ತು. ಯುದ್ಧಭೂಮಿಯಿಂದ ಬಂದದ್ದು, ಕಳಿಸಿದವರ ನಂಬರ್ ಮೇಲೆಯೇ ಇತ್ತು. ಒಳಗಿನ ನಾಲ್ಕು ಸಾಲು ಯಂಕವ್ವನಿಗೆ ಬಾಯಿಪಾಠ. ಕಡೆಯ ಸಾಲು, 'ಕೂಸಿಗೆ ಏನು ಹೆಸರಿಟ್ಟಿರಿ?' ಎಂದು. ಅದಕ್ಕೆ ಯಾರೂ ಉತ್ತರ ಬರೆದಿರಲಿಕ್ಕಿಲ್ಲ, ಅಷ್ಟರಲ್ಲಿ ಅಪ್ಪ ಗುಂಡಿಗೆ ಬಲಿಯಾಗಿರಬೇಕು ಎಂದು ಅವಳು ನಂಬಿದ್ದಳು. ಮಗಳೆಂಬ ದಾಖಲೆ, ಆಧಾರ್, ಗುರುತಿನ ಸಹಿ ಎಲ್ಲ ಕೂಡಿಸಿ ಅನುಜಾ ಅರ್ಜಿ ಕಳಿಸಿದಳು.

ಶ್ರಾವಣ ಮುಗಿಯುವ ಹೊತ್ತಿಗೆ ಲಕೋಟೆ ಬಂತು. ಆಫೀಸಿನ ವಿಳಾಸಕ್ಕೆ ತರಿಸಿಕೊಂಡಿದ್ದರಿಂದ ಅನುಜಾ ಅದನ್ನು ಊಟದ ಬಿಡುವಿನಲ್ಲಿ ಒಡೆದಳು. ದಿಗಂಬರ ಹುಕ್ಕೇರಿ, ಬೆಳಗಾವಿ ಜಿಲ್ಲೆ. ಕೆಲಸ, ಸೈನ್ಯದ ಆಸ್ಪತ್ರೆಯಲ್ಲಿ ರೋಗಿಗಳ ಶುಶ್ರೂಷೆ. ಬಂದೂಕು ಹಿಡಿದವರಲ್ಲ. ಬರ್ಮಾಕ್ಕೆ ಹೋದದ್ದು ನಿಜ, ಅಲ್ಲಿಂದ ಆರೋಗ್ಯವಾಗಿ ತಿರುಗಿ ಬಂದದ್ದೂ ನಿಜ. ಸ್ವಾತಂತ್ರ್ಯ ಬಂದ ಮೇಲೂ ಬಹಳ ವರ್ಷ ಕೆಲಸ ಮಾಡಿ, ಒಳ್ಳೆಯ ನಡತೆಯವರು ಎಂಬ ಷರಾ ಪಡೆದು, ಪೆನ್ಶನ್ ಮೇಲೆ ನಿವೃತ್ತರಾದವರು. ತೀರಿಕೊಂಡದ್ದು ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ, ದೇಹೂ ರೋಡಿನ ತಮ್ಮ ಮನೆಯಲ್ಲಿ. ಹತ್ತಿರದ ಸಂಬಂಧಿಕರು ಎಂಬಲ್ಲಿ ಎರಡೇ ಹೆಸರು, ಹೆಂಡತಿ ರಂಗೂಬಾಯಿ, ಮಗಳು ಯಂಕವ್ವ. ಕೂಸಿನ ಹೆಸರು ಅಪ್ಪನಿಗೆ ಗೊತ್ತಾಗಿತ್ತು.

ದೇಹೂ ರೋಡ್ ಎಂದರೆ ಪುಣೆಯದೇ ಒಂದು ಅಂಚು. ಯಂಕವ್ವ ಪುಣೆಗೆ ಬಂದದ್ದು ಎಪ್ಪತ್ತೆರಡರಲ್ಲಿ. ಅನುಜಾ ಡಬ್ಬಿ ಮುಚ್ಚಿದಳು, ಊಟ ಸೇರಲಿಲ್ಲ. ಇದರಲ್ಲಿ ಏನೋ ತಪ್ಪಾಗಿದೆ, ಹಿರಿಯರಿಗೆ ತಪ್ಪು ಸುದ್ದಿ ಬಂದಿರಬೇಕು, ಯುದ್ಧದ ಗದ್ದಲದಲ್ಲಿ ಹೀಗೆ ಆಗುತ್ತಿತ್ತು ಎಂದು ತನಗೆ ತಾನೇ ಹೇಳಿಕೊಂಡಳು. ಒಳ್ಳೆಯ ಮನೆಯ ಹುಡುಗಿ, ಮನೆಯವರ ಮೇಲೆ ಅಷ್ಟು ಬೇಗ ಕೆಟ್ಟದ್ದನ್ನು ನೆನೆಯಲಾರಳು.

ಶನಿವಾರ ಅವಳು ಲೋಕಲ್ ರೈಲು ಹಿಡಿದು ದೇಹೂ ರೋಡಿಗೆ ಹೋದಳು. ಕಾಗದದಲ್ಲಿದ್ದ ವಿಳಾಸದ ಚಾಳು, ಸಾಲುಮನೆಗಳ ವಠಾರ, ಇನ್ನೂ ಇತ್ತು. ಪಕ್ಕದ ಮನೆಯಲ್ಲಿ ಅಂಬಾದಾಸ ಎಂಬ ಎಪ್ಪತ್ತರ ಮನುಷ್ಯನಿದ್ದ. ಅವನ ತಂದೆ ದಿಗಂಬರರ ಜೊತೆ ಅದೇ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. ಹೆಸರು ಹೇಳುತ್ತಲೇ ಅಂಬಾದಾಸ ಅವಳಿಗೆ ಕುರ್ಚಿ ಹಾಕಿದ. ದಿಗಂಬರಬಾಬಾ ತನ್ನನ್ನು ಎತ್ತಿ ಆಡಿಸಿದವರು, ತನಗೆ ಅಕ್ಷರ ಕಲಿಸಿದವರು ಎಂದು ಮರಾಠಿಯಲ್ಲಿ ಹೇಳತೊಡಗಿದ. ಹೇಳುವುದಕ್ಕೆ ಬಹಳ ವರ್ಷದಿಂದ ಕಾದಿದ್ದವನ ಹಾಗೆ ಅವನು ನಿಲ್ಲಿಸಲೇ ಇಲ್ಲ.

ಯುದ್ಧ ಮುಗಿದ ಮೇಲೆ ಬಾಬಾ ರಜೆಯಲ್ಲಿ ಊರಿಗೆ ಹೋಗಿದ್ದರಂತೆ. ಹೆಂಡತಿ ಕೂಸಿನೊಂದಿಗೆ ತವರಲ್ಲಿದ್ದಳು. ಬಾಬಾರ ಅಪ್ಪ ಅವರನ್ನು ದನದ ಕೊಟ್ಟಿಗೆಯ ಹತ್ತಿರ ನಿಲ್ಲಿಸಿಯೇ ಸೈನ್ಯದಲ್ಲಿ ಏನು ಕೆಲಸ ಎಂದು ವಿಚಾರಿಸಿದರು. ಗಾಯ ತೊಳೆಯುತ್ತೇನೆ, ಏಳಲಾರದವರ ಮಲಮೂತ್ರ ಎತ್ತುತ್ತೇನೆ, ಸತ್ತವರನ್ನು ಒರೆಸಿ ಬಟ್ಟೆ ಹೊದಿಸುತ್ತೇನೆ ಎಂದು ಬಾಬಾ ಇದ್ದದ್ದು ಇದ್ದ ಹಾಗೆ ಹೇಳಿದರು. ಯಾವ ಜಾತಿಯವರದು ಎಂದು ಅಪ್ಪ ಕೇಳಿದರು. ಜಾತಿ ಕೇಳುವಷ್ಟು ಪುರುಸೊತ್ತು ಇರಲಿಲ್ಲ ಎಂದರು ಮಗ. ಪ್ರಾಯಶ್ಚಿತ್ತ ಮಾಡಿಕೊಂಡು ಕೆಲಸ ಬಿಡು ಎಂದರೆ ಬಿಡಲಾರೆ ಎಂದರು. ಆಗ ಅಪ್ಪ ಹಿತ್ತಲಿನ ಬಾವಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡು ಬಂದರು, ಸತ್ತವರಿಗೆ ಮಾಡುವ ಸ್ನಾನ. ಬದುಕಿ ನಿಂತ ಮಗನಿಗೆ ಎಳ್ಳುನೀರು ಬಿಟ್ಟರು. ಸತ್ತವನ ಹೆಂಡತಿಗೆ ಈ ಮನೆಯಲ್ಲಿ ಒಂದು ತುತ್ತು ಅನ್ನವಿದೆ, ನಿನ್ನ ಹೆಂಡತಿಗೆ ಇಲ್ಲ, ಯಾವುದು ಬೇಕೋ ನೀನೇ ಹೇಳು ಎಂದರಂತೆ. ಕೈಯಲ್ಲಿ ಮನೆಯಿಲ್ಲ, ಸೈನ್ಯ ನಾಳೆ ಎಲ್ಲಿಗೆ ಕಳಿಸುವುದೋ ತಿಳಿಯದು. ಬಾಬಾ ಸತ್ತವರಾಗಿಯೇ ತಿರುಗಿ ಬಂದರು. ಯುದ್ಧದಲ್ಲಿ ಸತ್ತರೆಂದು ತವರಿಗೆ ಸುದ್ದಿ ಹೋಯಿತು, ರಂಗೂಬಾಯಿಯ ಕುಂಕುಮ ಅಳಿಸಿದರು. ಅವಳು ನಿಜವಾಗಿ ವಿಧವೆಯಾಗಲು ಇನ್ನೂ ಮೂವತ್ತು ವರ್ಷದ ಮೇಲಿತ್ತು.

ಸತ್ತು ಬೂದಿಯಾದ ಮುತ್ತಜ್ಜಂದಿರನ್ನು ಬೈಯುವುದು ಸುಲಭ, ಕಾಲ ಹಾಗಿತ್ತು ಎಂದು ಹೇಳಿ ಕೈ ತೊಳೆಯುವುದು ಇನ್ನೂ ಸುಲಭ. ಅಂಬಾದಾಸ ಅಷ್ಟಕ್ಕೆ ಬಿಡಲಿಲ್ಲ. ರಾಘು ಹೇಗಿದ್ದಾನೆ, ಇದ್ದಾನೆ ತಾನೆ ಎಂದು ಕೇಳಿದ.

ಯಾವ ರಾಘು ಎಂದಳು ಅನುಜಾ.

ಬಾಬಾರ ತಮ್ಮನ ಮಗ ರಾಘು. ಹತ್ತೊಂಬತ್ತರ ಹುಡುಗ, ಒಂದು ಟ್ರಂಕು ಹಿಡಿದು ಊರಿಂದ ನೆಟ್ಟಗೆ ಇದೇ ಮನೆಗೆ ಬಂದಿದ್ದ. ಎರಡು ವರ್ಷ ಇದ್ದ. ಬಾಬಾ ಅವನಿಗೆ ಅಡಿಗೆ ಮಾಡಿ ಹಾಕಿದರು, ಜ್ವರ ಬಂದಾಗ ಕಾಲು ಒತ್ತಿದರು, ಸಾಹೇಬರ ಕಾಲಿಗೆ ಬಿದ್ದು ಸೈನ್ಯದ ಡಿಪೋದಲ್ಲಿ ಗುಮಾಸ್ತೆಯ ಕೆಲಸ ಕೊಡಿಸಿದರು. ಪಕ್ಷಮಾಸದಲ್ಲಿ ಹುಡುಗ ಊರಿಗೆ ಹೋಗಬೇಕಾಗುತ್ತಿತ್ತು, ಬಸ್ಸಿನ ಖರ್ಚನ್ನು ಬಾಬಾರೇ ಕೊಡುತ್ತಿದ್ದರು. ಅಲ್ಲಿ ಯಾರ ಶ್ರಾದ್ಧ ನಡೆಯುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ದಿನ ಬಾಬಾ ಒಲೆ ಹಚ್ಚುತ್ತಿರಲಿಲ್ಲ. ಅಂಬಾದಾಸನ ತಾಯಿ ಊಟಕ್ಕೆ ಕರೆದರೆ, ಇವತ್ತು ನನ್ನ ಊಟ ನನ್ನ ಮನೆಯಲ್ಲಿ, ಮಗಳು ಮಾಡಿರುತ್ತಾಳೆ ಎಂದು ನಕ್ಕು, ಕಟ್ಟೆಯ ಮೇಲೆ ಕೂತೇ ದಿನ ಕಳೆಯುತ್ತಿದ್ದರು.

ಕೆಲಸ ಕಾಯಂ ಆದ ಮೇಲೆ ರಾಘು ಬೇರೆ ಮನೆ ಮಾಡಿದ. ವರ್ಷಕ್ಕೊಮ್ಮೆ ಯಾರೂ ಕಾಣದ ಹಾಗೆ ಬಂದು ಹೋಗುತ್ತಿದ್ದ. ಬಂದಾಗಲೆಲ್ಲ ಬಾಬಾ ಕೇಳುವುದು ಒಂದನ್ನೇ, ಅವರಿಬ್ಬರೂ ಹೇಗಿದ್ದಾರೆ. ಊರಲ್ಲಿ ಆರಾಮ ಇದ್ದಾರೆ ಎಂದು ರಾಘು ಹೇಳುತ್ತಿದ್ದ. ಕೊನೆಯ ವರ್ಷದಲ್ಲೂ ಹಾಗೆಯೇ ಹೇಳಿದ. ಬಾಬಾ ಸತ್ತಾಗ ಹೇಳಿ ಕಳಿಸಿದರೆ ಬಂದ, ದೂರ ನಿಂತ, ಚಿತೆಗೆ ಬೆಂಕಿ ಇಡು ಎಂದಾಗ ಆಫೀಸಿಗೆ ಹೊತ್ತಾಯಿತು ಎಂದ. ಬೆಂಕಿ ಇಟ್ಟದ್ದು ಅಂಬಾದಾಸನ ತಂದೆ.

ಆರಾಮ ಇದ್ದಾರೆ. ಊರಲ್ಲಿ. ಆಗ ಆ ಇಬ್ಬರು ಹೆಂಗಸರು ಶನಿವಾರ ಪೇಠೆಯಲ್ಲಿದ್ದ ರಾಘಣ್ಣನ ಹಳೆಯ ಮನೆಯ ಅಡಿಗೆಮನೆಯಲ್ಲಿ ಅವನಿಗೆ ರೊಟ್ಟಿ ಬಡಿಯುತ್ತಿದ್ದರು. ಒಂದು ಲೋಕಲ್ ಹಿಡಿದರೆ ಮುಗಿಯುವ ದಾರಿ. ಅನುಜಾ ಎದ್ದು ಹೊರಗೆ ಬಂದು ಗಟಾರದ ಹತ್ತಿರ ಬಗ್ಗಿದಳು. ಬೆಳಗಿನ ಚಹಾ ಅವಲಕ್ಕಿ ಎಲ್ಲ ಬಂತು. ವರ್ಷವರ್ಷವೂ ಅಜ್ಜನ ಮನೆಯ ಚತುರ್ದಶಿಯಲ್ಲಿ ತಾನು ತಿಂದ ವಡೆಗಳೂ ಬಂದುಬಿಟ್ಟಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಮನೆಗೆ ಬಂದಾಗ ರಾಘಣ್ಣ ಬಾಲ್ಕನಿಯಲ್ಲಿ ಕೂತು ಚತುರ್ದಶಿಗೆ ಯಾರಾರನ್ನು ಕರೆಯಬೇಕು ಎಂದು ಫೋನಿನಲ್ಲಿ ಮಾತಾಡುತ್ತಿದ್ದ. ಅನುಜಾ ಬಾಗಿಲು ಹಾಕಿ, ದೇಹೂ ರೋಡಿಗೆ ಹೋಗಿದ್ದೆ ಎಂದಳು. ಅವನು ಫೋನ್ ಇಟ್ಟ. ಸುಳ್ಳು ಹೇಳುವನೇನೋ ಎಂದು ಅವಳು ಕಾದಳು, ಹೇಳಿದ್ದರೂ ಒಂದಿಷ್ಟು ಮರ್ಯಾದೆ ಉಳಿಯುತ್ತಿತ್ತು. ಅವನು ಹೇಳಲಿಲ್ಲ. ಬರಬೇಕಾದ ಬಸ್ಸು ತಡವಾಗಿ ಬಂದಿತು ಎಂಬಂತೆ ಉಸಿರು ಬಿಟ್ಟು ತನ್ನ ನ್ಯಾಯ ಶುರು ಮಾಡಿದ. ದೊಡ್ಡಪ್ಪ ಮಾಡುತ್ತಿದ್ದ ಕೆಲಸ ಎಂಥದ್ದು ಎಂದು ನಿನಗೆ ಗೊತ್ತಿಲ್ಲ. ಅವರ ನೆರೆಹೊರೆ ಎಂಥದ್ದು ಎಂದೂ ಗೊತ್ತಿಲ್ಲ. ಆದರೂ ನಾನು ವರ್ಷಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದೆ, ಬೇರೆ ಯಾರು ಹೋದರು?

"ಅವರ ಕೈಯಾಗ ಉಂಡದ್ದು ಊರಾಗ ತಿಳದಿದ್ರ ನನ್ನ ಲಗ್ನನ ಆಗ್ತಿದ್ದಿಲ್ಲ," ಎಂದ. "ನಿಮ್ಮಪ್ಪ ಹುಟ್ತಿದ್ದಿಲ್ಲ, ನೀನೂ ಹುಟ್ತಿದ್ದಿಲ್ಲ. ತಿಳಕೊ."

ಉಂಡ ಮನೆಯ ಗಳ ಎಣಿಸುವವರ ಬಗ್ಗೆ ಅನುಜಾ ಕೇಳಿದ್ದಳು. ಉಂಡ ಮನೆಯವನಿಗೇ ಪಿಂಡ ಇಟ್ಟು ಬಂದವರಿಗೆಲ್ಲ ವಡೆ ಬಡಿಸುವವರನ್ನು ಈಗ ನೋಡಿದಳು. ಹೋದ ವರ್ಷ ಅಜ್ಜ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ರೋಗಿಗಳ ಸೇವೆಗೆ ಆಳು ಕಳಿಸುವ ಬ್ಯೂರೋದಿಂದ ಅವಿನಾಶ್ ಎಂಬವನು ದಿನವೂ ಬಂದು ಅವನನ್ನು ಒರೆಸಿ, ಪಾಟು ಎತ್ತಿ, ಬಟ್ಟೆ ಬದಲಿಸಿ ಹೋಗುತ್ತಿದ್ದ. ಆಗ ಆ ಹುಡುಗನ ಜಾತಿ ಕೇಳಿದಿರಾ ಎಂದು ಅವಳು ಕೇಳಿದಳು. ದೇವರಂಥ ಮನುಷ್ಯ ಎಂದು ಅಜ್ಜ ಎಲ್ಲರ ಮುಂದೆ ಅವನನ್ನು ಹೊಗಳುತ್ತಿದ್ದ.

ಅದು ಬೇರೆ ಎಂದ ರಾಘಣ್ಣ. ಆಮೇಲೆ ದನಿ ಇಳಿಸಿ, ಇದನ್ನು ಯಂಕಕ್ಕನಿಗೆ ಹೇಳಬೇಡ ಎಂದ. ಆ ಹೆಂಗಸಿನ ಎದೆ ಈ ವಯಸ್ಸಿನಲ್ಲಿ ತಡೆಯುವುದಿಲ್ಲ, ಅಪ್ಪ ವೀರ ಎಂದು ನಂಬಿಕೊಂಡೇ ಸಾಯಲಿ, ಅದೇ ಪುಣ್ಯ. ಬರ್ಮಾದ ಯಾವುದಾದರೂ ಕಲ್ಲಿನ ಫೋಟೋ ತೋರಿಸಿ ಇದೇ ನಿಮ್ಮ ಅಪ್ಪನದು ಎಂದುಬಿಡು. ಅವಳಿಗೆ ಓದಲು ಎಲ್ಲಿ ಬರುತ್ತದೆ?

ಈ ಕೊನೆಯ ಮಾತು ಬಾರದಿದ್ದರೆ ಅನುಜಾ ಸುಮ್ಮನಿದ್ದುಬಿಡುತ್ತಿದ್ದಳೋ ಏನೋ. ಮುದುಕಿಗೆ ಹೇಳುವ ಧೈರ್ಯ ಅವಳಿಗೂ ಇರಲಿಲ್ಲ. ದಾರಿಯುದ್ದಕ್ಕೂ ಹೇಳಲೋ ಬೇಡವೋ ಎಂದು ಒದ್ದಾಡಿದ್ದಳು. ಆದರೆ ಯಾರದೋ ಕಲ್ಲು ತೋರಿಸಿ ಎಂಬತ್ತರ ಹೆಂಗಸಿನ ಕಣ್ಣಿಗೆ ಮಣ್ಣೆರಚು ಎಂದಾಗ ಅವಳ ಮೈಮೇಲೆ ಹಲ್ಲಿ ಬಿದ್ದಂತಾಯಿತು. ಹೇಸಿಗೆ ಎಂದು ಬಾಯಿಬಿಟ್ಟೇ ಅಂದು ಒಳಗೆ ಹೋದಳು.

ಯಂಕವ್ವ ಚತುರ್ದಶಿಯ ವಡೆಗೆಂದು ಉದ್ದಿನಬೇಳೆ ಆರಿಸುತ್ತ ಕೂತಿದ್ದಳು. ಕಲ್ಲು ಸಿಕ್ಕಿತೇನು ಎಂದು ಕೇಳಿದಳು. ಅನುಜಾ ಅವಳ ಕಾಲ ಹತ್ತಿರ ಕೂತು ಒಂದನ್ನೂ ಬಿಡದೆ ಹೇಳಿದಳು. ಹೇಳುವಷ್ಟು ಹೊತ್ತೂ ಮುದುಕಿ ಬೇಳೆ ಆರಿಸುವುದನ್ನು ನಿಲ್ಲಿಸಲಿಲ್ಲ. ದೇಹೂ ರೋಡ್ ಎಂದಾಗ ಮಾತ್ರ ಅದು ಎಷ್ಟು ದೂರ ಎಂದು ಕೇಳಿದಳು. ಲೋಕಲ್ಲಿನಲ್ಲಿ ಹೋದರೆ ಒಂದು ತಾಸೂ ಇಲ್ಲ ಎಂದಳು ಅನುಜಾ. ಆ ಕಟ್ಟೆಯ ಸುದ್ದಿಯನ್ನು ಮುದುಕಿ ಮತ್ತೊಮ್ಮೆ ಹೇಳಿಸಿಕೊಂಡಳು. ಮಗಳು ಮಾಡಿರುತ್ತಾಳೆ ಎಂದು ಅಪ್ಪ ಖರೆಯೇ ಅಂದಿದ್ದರೇ ಎಂದು ಕೇಳಿದಳು. ಹೌದು ಎಂದಾಗ ಬೇಳೆಯ ತಾಟನ್ನು ಬದಿಗಿಟ್ಟು ತನ್ನ ಎರಡು ಅಂಗೈ ನೋಡಿಕೊಂಡಳು.

"ಅಂದ್ರ, ಬದುಕಿದ್ದ ಅಪ್ಪಗ ನನ್ನ ಕೈಲೆ ಪಿಂಡದ ಅನ್ನಾ ಮಾಡಿಸಿದ್ರು."

ಅಳಲಿಲ್ಲ. ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದಳು, ಬಂದು ಕೂತಳು, ಮತ್ತೆ ಎದ್ದು ಹೋಗಿ ತೊಳೆದಳು. ಅನುಜಾ ಅವಳನ್ನು ತಬ್ಬಿಕೊಂಡು, ಈ ವರ್ಷ ಅಡಿಗೆ ಮಾಡಬೇಡ, ನಾವಿಬ್ಬರೂ ಎಲ್ಲಿಗಾದರೂ ಹೋಗಿಬಿಡೋಣ ಎಂದಳು. ಯಂಕವ್ವ ಒಪ್ಪಲಿಲ್ಲ. ಅಡಿಗೆ ಮಾಡುತ್ತೇನೆ, ನೀನು ಅಂಬಾದಾಸನನ್ನು ಆ ದಿನ ಊಟಕ್ಕೆ ಕರೆದುಕೊಂಡು ಬಾ ಎಂದಳು. ಅಷ್ಟು ಹೇಳಿ ಬೇಳೆಯ ತಾಟನ್ನು ಮತ್ತೆ ಎದುರಿಗೆ ಎಳೆದುಕೊಂಡಳು.

ಚತುರ್ದಶಿ ಬಂತು. ಯಂಕವ್ವ ಎಂದಿನಂತೆ ನಸುಕಿಗೇ ಎದ್ದು ಮಡಿಯಲ್ಲಿ ಒಲೆಯ ಮುಂದೆ ನಿಂತಳು. ವಡೆ, ಆಂಬೊಡೆ, ಪಾಯಸ, ಹುಳಿ, ಎಳ್ಳಿನ ಉಂಡೆ, ಒಂದೂ ತಪ್ಪಲಿಲ್ಲ. ರಾಘಣ್ಣ ಎರಡು ಸಲ ಅಡಿಗೆಮನೆಯ ಬಾಗಿಲಿಗೆ ಬಂದು ಇಣುಕಿದ. ಅವಳ ಮುಖದಲ್ಲಿ ಏನೂ ಕಾಣದಾದಾಗ ಅವನಿಗೆ ನೆಮ್ಮದಿಯಾಯಿತು, ಮೊಮ್ಮಗಳಿಗೆ ಕೊನೆಗೂ ಬುದ್ಧಿ ಬಂದಿದೆ ಎಂದುಕೊಂಡ. ಎಲ್ಲ ಕೇಳಿಯೂ ಅವಳು ಹೀಗೆ ಇರಬಹುದು ಎಂದು ಅವನ ತಲೆಗೆ ಹೊಳೆಯಲಿಲ್ಲ. ಆ ಹೆಂಗಸಿನ ಮುಖವನ್ನು ಅವನು ಎಂದಾದರೂ ಓದಿದ್ದರೆ ತಾನೆ.

ಆಚಾರ್ಯರು ಬಂದರು. ಕರೆದ ಮಂದಿ ಪಡಸಾಲೆಯಲ್ಲಿ ತುಂಬಿದರು. ಮಧ್ವೇಶ ಪಂಚೆಯುಟ್ಟು ಅಪ್ಪನ ಬದಿಗೆ ಕೂತ. ಬ್ರಾಹ್ಮಣರಿಗೆಂದು ಬಾಳೆಲೆ ಹಾಕಿಯಾಗಿತ್ತು. ಪಿಂಡದ ಅನ್ನ ತರಲು ಆಚಾರ್ಯರು ಒಳಗೆ ಕೂಗಿ ಹೇಳುವ ಹೊತ್ತಿಗೆ ಬಾಗಿಲಿಗೆ ಅನುಜಾ ಬಂದಳು, ಅವಳ ಹಿಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಅಂಬಾದಾಸ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ತುಂಬಿದ ಮನೆ ನೋಡಿ ಸ್ವಲ್ಪ ಅಳುಕಿದ. ಆಮೇಲೆ ಜನರ ನಡುವೆ ಗುರುತಿನ ಮುಖ ಕಂಡು ಅವನ ಮುಖ ಅರಳಿತು.

"ಕಾಯ್ ರೇ ರಾಘೂ, ಓಳಖಲಾಸ್ ಕಾ?"

ಗುರುತು ಸಿಕ್ಕಿತೇನೋ ಎಂದು ಹಳೆಯ ಗೆಳೆಯನನ್ನು ಕೇಳುವ ಹಾಗೆ ಕೇಳಿದ. ಪಾಪ, ಅವನ ಮನಸ್ಸಿನಲ್ಲಿ ವಿಷವಿರಲಿಲ್ಲ. ದಿಗಂಬರಬಾಬಾರ ಮನೆಯಲ್ಲಿ ಒಂದೇ ತಾಟಿನಲ್ಲಿ ಉಂಡದ್ದು ನೆನಪಿದೆಯಾ, ಬಾಬಾ ಸತ್ತ ದಿನ ಕಂಡವನು ಇವತ್ತೇ ಕಾಣುತ್ತಿದ್ದೀಯ ಎಂದೂ ಸೇರಿಸಿದ. ಪುಣೆಯಲ್ಲಿ ಹುಟ್ಟಿ ಬೆಳೆದ ಆ ಮಂದಿಯಲ್ಲಿ ಮರಾಠಿ ತಿಳಿಯದವರು ಯಾರೂ ಇರಲಿಲ್ಲ. ಆಚಾರ್ಯರು ದರ್ಭೆ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ, ಯಾವ ದಿಗಂಬರ, ಎಂದು ಸತ್ತದ್ದು ಎಂದು ರಾಘಣ್ಣನನ್ನು ಕೇಳಿದರು. ರಾಘಣ್ಣ ಎದುರಿಗಿದ್ದ ಎಳ್ಳಿನ ಬಟ್ಟಲನ್ನು ಆಚೆ ಈಚೆ ಸರಿಸತೊಡಗಿದ. ಮಧ್ವೇಶ ಅಪ್ಪನ ಮುಖ ನೋಡಿದ, ನೆಲ ನೋಡಿದ, ಎದ್ದು ಗೋಡೆಯ ಕಡೆ ಸರಿದ.

ಆಗ ಯಂಕವ್ವ ಹೊರಗೆ ಬಂದಳು. ಬರಬಾರದ ಹೊತ್ತು ಅದು, ಬರಬಾರದ ಜಾಗ. ಪಿಂಡಕ್ಕೆಂದು ಮಾಡಿದ ಅನ್ನದ ಪಾತ್ರೆ ಅವಳ ಕೈಯಲ್ಲೇ ಇತ್ತು. ಬಂದವಳು ಅಂಬಾದಾಸನ ಎದುರು ನಿಂತು, ನನ್ನ ಅಪ್ಪನಿಗೆ ಬೆಂಕಿ ಇಟ್ಟವರ ಮಗನೇ ನೀನು ಎಂದು ಮರಾಠಿಯಲ್ಲಿ ಕೇಳಿದಳು. ಹೌದೆಂದ. ಅವನ ಕೈ ಹಿಡಿದು ತಂದು ಬ್ರಾಹ್ಮಣರಿಗೆ ಹಾಕಿದ ಮೊದಲ ಎಲೆಯ ಮುಂದೆ ಕೂಡಿಸಿದಳು. ಅದರ ಪಕ್ಕದ ಎಲೆಗೆ ತಾನು ಕೂತಳು. ಆ ಅನ್ನವನ್ನು ಎರಡೂ ಎಲೆಗೆ ಬಡಿಸಿ, ತುಪ್ಪ ಹಾಕಿ, ಮೊದಲ ತುತ್ತು ಬಾಯಿಗಿಟ್ಟಳು.

ಪಿತೃಗಳಿಗೆ ಇಡುವ ಮುಂಚೆ ಎಂಜಲಾಯಿತು, ಎಲ್ಲ ಕೆಟ್ಟಿತು ಎಂದು ಯಾರೋ ಅಂದರು. ಆಚಾರ್ಯರು ಪವಿತ್ರದ ಉಂಗುರ ತೆಗೆದು ಚೀಲಕ್ಕೆ ಹಾಕಿಕೊಂಡರು. ಪಡಸಾಲೆಯಲ್ಲಿ ಕೂತವರು ಚಪ್ಪಲಿ ಎಲ್ಲಿ ಬಿಟ್ಟೆವು ಎಂದು ನೋಡತೊಡಗಿದರು. ಹುತಾತ್ಮರ ಮನೆತನ ಎಂದು ತಲೆದೂಗಿದ ತಲೆಗಳೆಲ್ಲ ಈಗ ಬೇರೆ ಕಡೆ ತಿರುಗಿದ್ದವು. ವಡೆಯ ವಾಸನೆ ಮನೆ ತುಂಬ ಹರಡಿತ್ತು, ತಿನ್ನುವವರಿರಲಿಲ್ಲ. ಅನುಜಾ ಬಾಗಿಲಿಗೆ ಒರಗಿ ನಿಂತು ಅಜ್ಜನನ್ನು ನೋಡಿದಳು. ಅವಳಿಗೆ ಕನಿಕರ ಬರಬಹುದೇನೋ ಎಂದು ಭಯವಿತ್ತು, ಬರಲಿಲ್ಲ.

ರಾಘಣ್ಣನಿಗೆ ಕೊನೆಗೆ ಬಾಯಿ ಬಂತು. ಬಂದರೂ ತಪ್ಪಾಯಿತು ಎನ್ನಲಿಲ್ಲ.

"ಯಂಕಕ್ಕಾ, ಇದೇನು ಮಾಡಿದಿ. ದೊಡ್ಡಪ್ಪ ಉಪವಾಸ ಹೋಗ್ತಾನಲ್ಲ."

ಯಂಕವ್ವ ಅಂಬಾದಾಸನ ಎಲೆಗೆ ವಡೆ ಹಾಕುತ್ತಿದ್ದಳು. ಕೈ ನಿಲ್ಲಿಸದೆ, ತಲೆ ಎತ್ತದೆ ಹೇಳಿದಳು.

"ಈ ದಿವಸ ಉಪವಾಸ ಇರೂದು ಅಪ್ಪಗ ರೂಢಿ ಅದ, ರಾಘಣ್ಣ. ಬಸ್ ಚಾರ್ಜ್ ಇಸ್ಕೊಂಡು ಹೊಂಟಾಗ ನೀ ನೋಡೀದಿ."

ಆಮೇಲೆ ಅವಳು ಅಂಬಾದಾಸನಿಗೆ ಪಾಯಸ ಬಡಿಸಿ, ನಿಧಾನವಾಗಿ ಉಣ್ಣು, ಅವಸರವಿಲ್ಲ ಎಂದಳು, ಮತ್ತು ಅನುಜಾಳನ್ನೂ ಕರೆದು ಇನ್ನೊಂದು ಎಲೆ ಹಾಕಿದಳು. ಆ ದಿನ ರಾಘಣ್ಣನಿಗೆ ಮಾತ್ರ ಯಾರೂ ಎಲೆ ಹಾಕಲಿಲ್ಲ.